ಮುಂಬಯಿಯಲ್ಲಿ ನೋಂದಾಯಿತ ಆಕ್ಯುಪೇಷನಲ್ ಥೆರಪಿಸ್ಟ್: ಹುಡುಕುವ ಬಗೆ

ಪಾರ್ಶ್ವವಾಯುವಿಗೆ ತುತ್ತಾದ ಹಿರಿಯರನ್ನು ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ವೈದ್ಯರು ಚೀಟಿಯಲ್ಲಿ ‘ಫಿಸಿಯೋ’ ಜೊತೆಗೆ ‘ಓ.ಟಿ.’ ಎಂದೂ ಬರೆಯುವುದುಂಟು. ನಮ್ಮ ಎಷ್ಟೋ ಮನೆಗಳಲ್ಲಿ ಮೊದಲನೆಯದಕ್ಕೆ ವ್ಯವಸ್ಥೆಯಾಗುತ್ತದೆ. ಎರಡನೆಯದು ಚೀಟಿಯಲ್ಲೇ ಉಳಿಯುತ್ತದೆ. ಓ.ಟಿ. ಎಂದರೆ ಆಪರೇಷನ್ ಥಿಯೇಟರ್ ಎಂದು ಗಾಬರಿಗೊಂಡವರೂ ಇದ್ದಾರೆ. ಮರಾಠಿಯಲ್ಲಿ ಇದಕ್ಕಿರುವ ‘ವ್ಯವಸಾಯೋಪಚಾರ’ ಎಂಬ ಹೆಸರು ಕನ್ನಡಿಗರನ್ನು ಇನ್ನಷ್ಟು ದಾರಿ ತಪ್ಪಿಸುತ್ತದೆ: ನಮಗೆ ವ್ಯವಸಾಯವೆಂದರೆ ಹೊಲಗದ್ದೆ, ಅವರಿಗೆ ಉದ್ಯೋಗ.

ಫಿಸಿಯೋಥೆರಪಿ ಮುಖ್ಯವಾಗಿ ಸ್ನಾಯುಬಲ, ನಡಿಗೆ, ನೋವಿನ ಕಡೆ ಗಮನ ಕೊಡುತ್ತದೆ. ಆಕ್ಯುಪೇಷನಲ್ ಥೆರಪಿಯ ಪ್ರಶ್ನೆ ಬೇರೆ: ಈ ವ್ಯಕ್ತಿ ತನ್ನ ಕೈಯಾರೆ ಊಟ ಮಾಡಬಲ್ಲರೇ, ಸೀರೆ ಉಡಬಲ್ಲರೇ, ಯಾರ ನೆರವೂ ಇಲ್ಲದೆ ಸ್ನಾನದ ಮನೆಗೆ ಹೋಗಿ ಬರಬಲ್ಲರೇ? ಸೆರೆಬ್ರಲ್ ಪಾಲ್ಸಿ ಅಥವಾ ಆಟಿಸಂ ಇರುವ ಮಕ್ಕಳು, ಕೈಗೆ ಪೆಟ್ಟಾದವರು, ಸುಟ್ಟಗಾಯದವರು, ಮರೆವಿನ ಕಾಯಿಲೆಯವರು ಎಲ್ಲರಿಗೂ ಇದರ ಪ್ರಯೋಜನವಿದೆ. ಪಾರ್ಶ್ವವಾಯುವಿನ ನಂತರದ ಮೊದಲ ಕೆಲವು ತಿಂಗಳುಗಳಲ್ಲೇ ಚೇತರಿಕೆ ಹೆಚ್ಚಾಗಿರುವುದರಿಂದ, ಹುಡುಕಾಟವನ್ನು ಮುಂದೂಡಬಾರದೆಂದು ನಾವು ಒತ್ತಿ ಹೇಳುತ್ತೇವೆ.

ಈ ವಿಷಯದಲ್ಲಿ ಮುಂಬಯಿ ನಿವಾಸಿಗಳು ಅದೃಷ್ಟವಂತರು. ಅಮೆರಿಕದಲ್ಲಿ ಹುಟ್ಟಿ ಭಾರತಕ್ಕೆ ಸೊಸೆಯಾಗಿ ಬಂದ ಕಮಲಾ ನಿಂಬಕರ್ ಅವರು ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆಯನ್ನು 1950ರಲ್ಲಿ ಸ್ಥಾಪಿಸಿದ್ದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ. ಇಂದು ಕೆ.ಇ.ಎಂ., ಸಾಯನ್ ಮತ್ತು ನಾಯರ್ ಈ ಮೂರೂ ಮುನಿಸಿಪಲ್ ಆಸ್ಪತ್ರೆಗಳಲ್ಲಿ ಈ ವಿಭಾಗವಿದೆ. ಹಾಜಿ ಅಲಿಯಲ್ಲಿ ಕೇಂದ್ರ ಸರಕಾರದ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆಯಿದೆ. ಇಲ್ಲಿ ಸರದಿ ಉದ್ದ, ಖರ್ಚು ಕಡಿಮೆ. ಡೊಂಬಿವಲಿಯಿಂದಲೋ ಮೀರಾರೋಡಿನಿಂದಲೋ ವಾರಕ್ಕೆ ಮೂರು ಬಾರಿ ರೋಗಿಯನ್ನು ಲೋಕಲ್ ರೈಲಿನಲ್ಲಿ ಕರೆತರುವುದು ಆಗದ ಮಾತು. ಅಂಥವರು ಒಮ್ಮೆ ಇಲ್ಲಿ ಪರೀಕ್ಷೆ ಮಾಡಿಸಿಕೊಂಡು, ತಮ್ಮ ಬಡಾವಣೆಗೆ ಹತ್ತಿರದಲ್ಲಿ ಯಾರಿದ್ದಾರೆಂದು ಆ ವಿಭಾಗದಲ್ಲೇ ವಿಚಾರಿಸುವುದು ಜಾಹೀರಾತು ನಂಬುವುದಕ್ಕಿಂತ ಮೇಲು.

ಖಾಸಗಿಯಾಗಿ ಹುಡುಕುವಾಗ ಎಚ್ಚರ ಅಗತ್ಯ. ನಮ್ಮಲ್ಲಿ ಇದಕ್ಕೆ ‘ಲೈಸೆನ್ಸ್’ ಎಂಬ ಮಾತಿಗಿಂತ ‘ನೋಂದಣಿ’ ಎಂಬುದೇ ರೂಢಿ. ಮಹಾರಾಷ್ಟ್ರವು 2002ರ ಕಾಯ್ದೆಯಿಂದ ಈ ವೃತ್ತಿಗೂ ಫಿಸಿಯೋಥೆರಪಿಗೂ ಸೇರಿ ರಾಜ್ಯ ಪರಿಷತ್ತನ್ನು ರಚಿಸಿತು. ದಿಲ್ಲಿಯಲ್ಲಿ ಇಂಥದೇ ಕಾಯ್ದೆ 1997ರಲ್ಲೇ ಬಂದಿತ್ತು. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗದ ಕಾಯ್ದೆ ಎಲ್ಲ ರಾಜ್ಯಗಳಿಗೂ ಪರಿಷತ್ತನ್ನು ವಿಧಿಸಿದೆ. ಆದ್ದರಿಂದ ಮೊದಲ ಭೇಟಿಗೆ ಮುನ್ನ ಫೋನಿನಲ್ಲೇ ಎರಡು ಸಂಗತಿ ಕೇಳಿ: ಪದವಿ ಯಾವುದು, ನೋಂದಣಿ ಸಂಖ್ಯೆ ಏನು? ನಾಲ್ಕು ವರ್ಷದ ಓದು ಮತ್ತು ಆರು ತಿಂಗಳ ಇಂಟರ್ನ್‌ಶಿಪ್ ಇರುವ ಬಿ.ಓ.ಟಿ. ಪದವಿ ಬಹುಕಾಲದಿಂದ ನಡೆದುಬಂದ ಕ್ರಮ. ಸರಿಯಾಗಿ ಕಲಿತವರು ಈ ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ.

ಮಕ್ಕಳ ಥೆರಪಿ ಕೇಂದ್ರಗಳಲ್ಲಿ ಗೊಂದಲ ಹೆಚ್ಚು. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ವಿಶೇಷ ಶಿಕ್ಷಕರು, ಮಾತಿನ ಚಿಕಿತ್ಸಕರು ಮುಂತಾದವರಿಗೆ ಸಂಬಂಧಿಸಿದ್ದು. ಗೋಡೆಯ ಮೇಲೆ ಅದರ ಪ್ರಮಾಣಪತ್ರವಿದ್ದ ಮಾತ್ರಕ್ಕೆ ನಿಮ್ಮ ಮಗುವನ್ನು ಉಯ್ಯಾಲೆಯಲ್ಲಿ ಕೂರಿಸುವವರು ಆಕ್ಯುಪೇಷನಲ್ ಥೆರಪಿಸ್ಟ್ ಎಂದಾಗದು. ಕೇಂದ್ರದ ಮುಖ್ಯಸ್ಥರ ಹೆಸರಲ್ಲ, ಪ್ರತಿದಿನ ಮಗುವಿನೊಡನೆ ಕೂರುವವರ ಹೆಸರನ್ನು ಕೇಳಿರಿ. ತಿಂಗಳುಗಟ್ಟಲೆ ಹಣವನ್ನು ಮುಂಗಡವಾಗಿ ಕೇಳುವಲ್ಲಿ, ಪೋಷಕರನ್ನು ಒಳಗೆ ಬಿಡದಲ್ಲಿ, ಇಂತಿಷ್ಟು ದಿನದಲ್ಲಿ ಆಟಿಸಂ ಗುಣಪಡಿಸುತ್ತೇವೆ ಎನ್ನುವಲ್ಲಿ ನಾವಂತೂ ಹೆಜ್ಜೆ ಇಡೆವು.

ಅರ್ಹತೆಯ ಆಚೆಗೆ ಭಾಷೆಯ ಮಾತೂ ಇದೆ. ಅರ್ಧ ಆಯುಷ್ಯ ಇಲ್ಲಿ ಕಳೆದ ಅಜ್ಜಿಗೂ ಪಾರ್ಶ್ವವಾಯುವಿನ ಬಳಿಕ ಮರಾಠಿ, ಹಿಂದಿ ಹಿಂದೆ ಸರಿದು ಕನ್ನಡವೋ ತುಳುವೋ ಮಾತ್ರ ಉಳಿಯಬಹುದು. ಕನ್ನಡ ಬಲ್ಲ ಥೆರಪಿಸ್ಟ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಮನೆಯವರೊಬ್ಬರು ಜೊತೆಗಿರಲೇಬೇಕು. ಬಾಗಿಲಿಗೆ ರಂಗೋಲಿ ಹಾಕುವುದು, ನೆಲದ ಮೇಲೆ ಕುಳಿತು ಪೂಜೆ ಮಾಡುವುದು, ಕೈಯಿಂದ ಅನ್ನ ಕಲಸಿ ಉಣ್ಣುವುದು ಅವರ ಬಯಕೆಯಾಗಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕು. ಅದನ್ನು ಕೇಳಿಕೊಂಡು ಅಭ್ಯಾಸ ರೂಪಿಸುವವರು ಸರಿಯಾದ ಥೆರಪಿಸ್ಟ್.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಅಥವಾ ಬಹುವಿಧ ಅಂಗವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಥೆರಪಿಯ ಖರ್ಚೂ ಅದರಲ್ಲಿ ಸೇರಿದ್ದು, ಅದಕ್ಕೆ ಪ್ರತ್ಯೇಕ ಮಿತಿಯುಂಟು; ರಸೀದಿಗಳನ್ನು ಜೋಪಾನವಾಗಿಡಿ.

ಮೊದಲ ಭೇಟಿಗೆ ಡಿಸ್ಚಾರ್ಜ್ ಕಾಗದ, ಔಷಧಿಗಳ ಪಟ್ಟಿ, ಮಕ್ಕಳಾದರೆ ಶಾಲೆಯ ಒಂದು ನೋಟ್‌ಬುಕ್ ಒಯ್ಯಿರಿ. ಹಿರಿಯರಾದರೆ ಮಂಚದ ಎತ್ತರವನ್ನು ಅಳೆದು, ಬಚ್ಚಲು, ಶೌಚಾಲಯ ಮತ್ತು ಹೊಸ್ತಿಲುಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಹಿಡಿಕೆಯನ್ನು ಯಾವ ಗೋಡೆಗೆ, ಎಷ್ಟು ಎತ್ತರಕ್ಕೆ ಹಾಕಿಸಬೇಕೆಂಬುದು ಅಂದೇ ತೀರ್ಮಾನವಾಗಬಹುದು.