ಒಂದು ಹಸುವಿನ ಪಾಲಿನ ಹನ್ನೆರಡು ಗುಂಟೆ

ಬೆಂಗಳೂರಿನ ರಾಮಮೂರ್ತಿ ನಗರದ ಅಡ್ಡರಸ್ತೆಯಲ್ಲಿ ನಸುಕಿಗೆ ಹುಂಜ ಕೂಗಿದರೆ, ಹಸುವೊಂದು ಕಾರಿಗೆ ಅಡ್ಡ ನಿಂತರೆ, ಸಿಟಿಯೊಳಗೆ ಇವಕ್ಕೇನು ಕೆಲಸ ಎಂಬ ಮಾತು ಬರುತ್ತದೆ. ಊರಿನ ಚರಿತ್ರೆ ಬಲ್ಲವರು ಈ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕಾಗುತ್ತದೆ. ಸುತ್ತಲಿನ ಬಾಣಸವಾಡಿ, ಹೊರಮಾವು, ಕಲ್ಕೆರೆ, ವಿಜಿನಾಪುರಗಳು ಕೆರೆ ನಂಬಿ ಬದುಕಿದ ಹಳ್ಳಿಗಳು. 1809ರಲ್ಲಿ ಬ್ರಿಟಿಷರ ದಂಡು ಬಂದು ಬೇರೂರಿದ ಮೇಲೆ ಅದರ ಹಾಲು, ಮೊಟ್ಟೆ, ಸೊಪ್ಪು, ಹುಲ್ಲಿನ ಹಸಿವನ್ನು ತಣಿಸಿದ್ದು ಇಂಥ ಹಳ್ಳಿಗಳೇ. 1948ರಲ್ಲಿ ಪಕ್ಕದಲ್ಲೇ ದೂರವಾಣಿ ತಯಾರಿಸುವ ಐಟಿಐ ಕಾರ್ಖಾನೆ ಶುರುವಾಯಿತು, ದೂರವಾಣಿನಗರ ಎದ್ದಿತು, ಹೊಲಗಳು ಸೈಟುಗಳಾದವು. 2007ರಲ್ಲಿ ಕೆ.ಆರ್.ಪುರ ನಗರಸಭೆ ಬಿಬಿಎಂಪಿಯಲ್ಲಿ ಕರಗಿತು. ಗಡಿಗೆರೆ ಕಾಗದದ ಮೇಲೆ ಸರಿಯಿತು. ಕೊಟ್ಟಿಗೆಗಳು ಇದ್ದಲ್ಲೇ ಇದ್ದವು.

ಸರಿದ ಗೆರೆಯಿಂದ ದನಕರು ಕಳೆದುಕೊಂಡದ್ದೇನು ಎಂದು ಲೆಕ್ಕ ಹಾಕಬಹುದು. 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಹಳ್ಳಿಯ 100 ಜಾನುವಾರುಗಳಿಗೆ 12 ಹೆಕ್ಟೇರ್ ಗೋಮಾಳ ಮೀಸಲಿಡಬೇಕು. ಅಂದರೆ ತಲೆಗೆ ಸುಮಾರು 12 ಗುಂಟೆ. ಇಂದಿನ ಬಡಾವಣೆಯ ಭಾಷೆಯಲ್ಲಿ ಹೇಳುವುದಾದರೆ, ಒಂದು ಹಸುವಿನ ಪಾಲಿನಲ್ಲಿ 30x40 ಅಳತೆಯ ಹತ್ತಕ್ಕೂ ಹೆಚ್ಚು ಸೈಟು ಬೀಳುತ್ತವೆ! ಬೆಂಗಳೂರಿನ ಸುತ್ತ ಗೋಮಾಳವೆಂಬುದು ಬಡಾವಣೆಗೆ, ಕಟ್ಟಡಕ್ಕೆ, ಒತ್ತುವರಿಗೆ ಹೋಗಿ ಹೆಸರಿಗಷ್ಟೇ ಉಳಿದಿದೆ. ಕಂದಾಯ ನಿಯಮದಲ್ಲಿ ಹಸುವಿಗೆ ನೆಲದ ಮೇಲೊಂದು ಹಕ್ಕಿತ್ತು. 1976ರ ಪಾಲಿಕೆ ಕಾಯ್ದೆಯ ಕಣ್ಣಿಗೆ ಅದೇ ಹಸು ನೈರ್ಮಲ್ಯದ ಸಮಸ್ಯೆಯಾಯಿತು. ಹಸು ಬದಲಾಗಿಲ್ಲ, ಅದನ್ನು ಬರೆದಿಟ್ಟ ಪುಸ್ತಕ ಬದಲಾಗಿದೆ. ವರ್ತನೆ ಹಾಲು ಹಾಕುವ ಮನೆಯವರು ಈಗ ಬೂಸಾ, ಹಿಂಡಿ ಕೊಂಡು, ಸಂತೆಯಲ್ಲಿ ಉಳಿದ ಕೋಸಿನೆಲೆ ಹೊತ್ತು ತಂದು ದನ ಸಾಕುತ್ತಾರೆ. ಸಾಲದ್ದಕ್ಕೆ ಹಸುವನ್ನು ಬೀದಿಗೆ ಬಿಡುತ್ತಾರೆ, ಅದು ಕಸದ ರಾಶಿಗೆ ಬಾಯಿ ಹಾಕುತ್ತದೆ.

ಕೋಳಿಯ ಕಥೆ ಬೇರೆ. ಅದಕ್ಕೆ ಗೋಮಾಳ ಬೇಡ, ಮೆಟ್ಟಿಲ ಕೆಳಗಿನ ಮೂಲೆ ಸಾಕು. ಆದ್ದರಿಂದಲೇ ಹಸು ಸೋತ ಕಡೆಯೂ ಅದು ಗೆದ್ದಿದೆ. ಮಂಕರಿಗೆ ಹುಲ್ಲು ಹಾಸಿ, ಮೊಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿ ಹತ್ತು ಹನ್ನೆರಡನ್ನು ಆರಿಸಿ, ಕಾವಿಗೆ ಬಂದ ಹೇಂಟೆಯನ್ನು ಸಂಜೆಗತ್ತಲಲ್ಲಿ ಮೆಲ್ಲಗೆ ಕೂರಿಸಿದರೆ 21ನೇ ದಿನಕ್ಕೆ ಚಿಪ್ಪು ಬಿರಿಯುತ್ತದೆ. ಇದೆಲ್ಲ ಹೆಂಗಸರ ಕಸುಬು, ಅದರ ಕಾಸೂ ಅವರದ್ದೇ. ಒಬ್ಬಳ ಹೇಂಟೆಯನ್ನು ಇನ್ನೊಬ್ಬಳು ಪಾಲಿಗೆ ಸಾಕಿ ಮರಿಗಳನ್ನು ಹಂಚಿಕೊಳ್ಳುವ ಪದ್ಧತಿಗೆ ಬ್ಯಾಂಕೂ ಬೇಡ, ಪಹಣಿಯೂ ಬೇಡ. ಯುಗಾದಿ ಮರುದಿನದ ಹೊಸತೊಡಕಿಗೆ ನಾಟಿಕೋಳಿಯೇ ಆಗಬೇಕೆನ್ನುವ ಊರಿನಲ್ಲಿ ಆ ಕಾಸು ಸಣ್ಣದೇನಲ್ಲ. ಫಾರಂ ಕೋಳಿಯ ಕಾಲದಲ್ಲೂ ಹೆಬ್ಬಾಳದ ವಿಜ್ಞಾನಿಗಳು ಹಿತ್ತಲಿಗೆ ಹೊಂದುವ ‘ಗಿರಿರಾಜ’ ತಳಿಯನ್ನು ರೂಪಿಸಿದರು.

ರೋಗದ ಭಯ ಸುಳ್ಳಲ್ಲ. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಕಾಣಿಸಿದಾಗ ಮನೆಗಳ ಕೋಳಿಗಳನ್ನೂ ಕೊಲ್ಲಬೇಕಾಯಿತು. ಗೋಡೆಗೆ ಗೋಡೆ ತಾಗಿದ ಮನೆಗಳ ನಡುವೆ ಸಗಣಿ ಚರಂಡಿಗೆ ಹರಿದರೆ ನೆರೆಯವರು ಸಿಟ್ಟಾಗುವುದು ನ್ಯಾಯವೇ. ಆದರೆ ಇವೆಲ್ಲ ಎಷ್ಟು ಪ್ರಾಣಿ, ಎಷ್ಟು ಜಾಗ, ಯಾವ ಲಸಿಕೆ ಎಂಬ ಪ್ರಶ್ನೆಗಳು; ಸಾಕಲೇಬಾರದು ಎಂಬುದಕ್ಕೆ ಕಾರಣಗಳಲ್ಲ. ನಗರ ಮತ್ತು ಕೊಟ್ಟಿಗೆ ಹುಟ್ಟು ವೈರಿಗಳೆಂದರೆ ಇದೇ ಬೆಂಗಳೂರು ಒಪ್ಪುವುದಿಲ್ಲ. ಆಡುಗೋಡಿಯಲ್ಲಿ 1923ರಲ್ಲಿ ಸರ್ಕಾರವೇ ಹೈನುಗಾರಿಕೆ ಸಂಸ್ಥೆ ನಡೆಸುತ್ತಿತ್ತು. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬಂದಿದ್ದ ಗಾಂಧೀಜಿ ದನ ಸಾಕಣೆ ಕಲಿಯಲು ಹೋದದ್ದು ಅಲ್ಲಿಗೇ. ದನದ ಶಾಸ್ತ್ರವನ್ನು ನಗರದೊಳಗೇ ಕಲಿಸಿದ ಊರು ಇದು.

ಬೀದಿಗೆ ಬಿಟ್ಟವರಿಗೆ ದಂಡ ಹಾಕಲಿ, ಅದು ಸರಿ. ಆದರೆ ದಂಡದ ರಸೀದಿ ಬರೆಯುವ ಮೊದಲು ಆ ಹಸುವಿನ 12 ಗುಂಟೆ ಎಲ್ಲಿ ಹೋಯಿತು ಎಂದೂ ಪಾಲಿಕೆ ತನ್ನ ಕಡತ ತೆರೆದು ನೋಡಲಿ. ಕಲ್ಕೆರೆ ಕೆರೆಯಂಗಳದಲ್ಲಿ ಹುಲ್ಲು ಈಗಲೂ ಎದೆಮಟ್ಟ ಬೆಳೆಯುತ್ತದೆ. ಚರಂಡಿ ನೀರು ಬಾರದಂತೆ ತಡೆದು, ಬೆಳಗಿನ ಎರಡು ತಾಸು ಕುಡುಗೋಲು ಹಿಡಿದವರಿಗೆ ಬೇಲಿಯ ಗೇಟು ತೆರೆದಿಟ್ಟರೆ ಅಲ್ಲಿಂದ ದಿನಕ್ಕೆ ಹಲವು ಹೊರೆ ಮೇವು ಕೊಟ್ಟಿಗೆ ಸೇರುತ್ತದೆ.