ನೀಲಗಿರಿ (ಊಟಿ) ಪ್ರವಾಸ: ಕರ್ನಾಟಕದಿಂದ ತೆರಳುವ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ತಮಿಳುನಾಡಿನ ನೀಲಗಿರಿ ಜಿಲ್ಲೆಯು ಕರ್ನಾಟಕದ ಚಾಮರಾಜನಗರ ಜಿಲ್ಲೆಗೆ ಹೊಂದಿಕೊಂಡಿರುವ ತಂಪು ಗಿರಿಪ್ರದೇಶವಾಗಿದೆ. ಚಹಾ ತೋಟ, ತರಕಾರಿ ಬೇಸಾಯ ಹಾಗೂ ಶೋಲಾ ಅರಣ್ಯಗಳಿಗೆ ಹೆಸರಾದ ಈ ಜಿಲ್ಲೆಗೆ ಬೇಸಿಗೆಯಲ್ಲಿ ಹೆಚ್ಚಿನ ಸಂಖ್ಯೆಯ ಪ್ರವಾಸಿಗರು ಭೇಟಿ ನೀಡುತ್ತಾರೆ. ಇ-ಪಾಸ್ ಪಡೆಯದೆ ಅಥವಾ ಬಂಡೀಪುರದ ರಾತ್ರಿ ಸಂಚಾರ ನಿಷೇಧದ ಅರಿವಿಲ್ಲದೆ ಹೊರಡುವವರು ಮಾರ್ಗಮಧ್ಯದಲ್ಲಿ ತೊಂದರೆಗೆ ಒಳಗಾಗುವ ಸಂಭವವಿರುವುದರಿಂದ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

2. ಸ್ಥಳ ಪರಿಚಯ

ಜಿಲ್ಲಾ ಕೇಂದ್ರವಾದ ಉದಕಮಂಡಲ (ಊಟಿ) ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಜಿಲ್ಲೆಯ ಅತ್ಯುನ್ನತ ಶಿಖರ ದೊಡ್ಡಬೆಟ್ಟದ ಎತ್ತರ 2,637 ಮೀಟರ್. ಈ ಹೆಸರು ಕನ್ನಡಿಗರಿಗೆ ಅರ್ಥ ಹೇಳುವ ಅಗತ್ಯವಿಲ್ಲದಂತಿದೆ. ನೀಲಗಿರಿಯು 1799ರವರೆಗೆ ಮೈಸೂರು ಸಂಸ್ಥಾನದ ಅಧೀನದಲ್ಲಿದ್ದು, ಅನಂತರ ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಸೇರಿತು. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ ಅವರು 1819ರಲ್ಲಿ ಇಲ್ಲಿಗೆ ಬಂದ ತರುವಾಯ ಊಟಿಯು ಗಿರಿಧಾಮವಾಗಿ ಬೆಳೆಯಿತು. ಇಲ್ಲಿನ ಸಸ್ಯೋದ್ಯಾನವು 1848ರಲ್ಲಿ ಸ್ಥಾಪನೆಗೊಂಡಿತು.

ತೋಡ, ಕೋಟ, ಕುರುಂಬ, ಇರುಳ ಮೊದಲಾದ ಆದಿವಾಸಿ ಸಮುದಾಯಗಳು ಹಾಗೂ ಬಡಗ ಜನಾಂಗದವರು ಇಲ್ಲಿ ಬಹುಕಾಲದಿಂದ ನೆಲೆಸಿದ್ದಾರೆ. ಬಡಗರ ನುಡಿಯು ಕನ್ನಡಕ್ಕೆ ಅತ್ಯಂತ ಸಮೀಪವಾದುದು. ಗ್ರಾಮಗಳು ಹಾಗೂ ತೋಡರ ಮಂದುಗಳಿಗೆ ಅನುಮತಿಯಿಲ್ಲದೆ ಪ್ರವೇಶಿಸುವುದು ಮತ್ತು ನಿವಾಸಿಗಳ ಛಾಯಾಚಿತ್ರ ತೆಗೆಯುವುದು ಸರಿಯಲ್ಲ.

3. ಹವಾಮಾನ

ಏಪ್ರಿಲ್–ಮೇ ತಿಂಗಳುಗಳಲ್ಲಿ ಹವೆಯು ಹಿತಕರವಾಗಿದ್ದರೂ ಜನಸಂದಣಿ ಅಧಿಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮುಂಗಾರು, ಅಕ್ಟೋಬರ್–ನವೆಂಬರ್‌ನಲ್ಲಿ ಈಶಾನ್ಯ ಹಿಂಗಾರು ಮಳೆಯಾಗುತ್ತದೆ. 2009ರ ನವೆಂಬರ್‌ನಲ್ಲಿ ಭಾರೀ ಮಳೆಯಿಂದ ಸಂಭವಿಸಿದ ಭೂಕುಸಿತಗಳಲ್ಲಿ ಈ ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಜನರು ಮೃತಪಟ್ಟರು. ಆದ್ದರಿಂದ ಮಳೆಯ ಮುನ್ಸೂಚನೆ ಇರುವ ದಿನಗಳಲ್ಲಿ ಪ್ರವಾಸವನ್ನು ಮುಂದೂಡುವುದು ಕ್ಷೇಮ. ಡಿಸೆಂಬರ್–ಜನವರಿಯಲ್ಲಿ ಮುಂಜಾನೆ ಹಿಮ ಬೀಳುವುದರಿಂದ ವಯಸ್ಸಾದವರಿಗೂ ಮಕ್ಕಳಿಗೂ ಬೆಚ್ಚನೆಯ ಉಡುಪು ಅವಶ್ಯಕ.

4. ಇ-ಪಾಸ್ ಪಡೆಯುವ ವಿಧಾನ

ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ ನೀಲಗಿರಿ ಜಿಲ್ಲೆ ಮತ್ತು ಕೊಡೈಕೆನಾಲ್‌ಗೆ ಹೋಗುವ ಹೊರಗಿನ ವಾಹನಗಳಿಗೆ ದಿನಾಂಕ 07-05-2024ರಿಂದ ಇ-ಪಾಸ್ ಪದ್ಧತಿ ಜಾರಿಗೆ ಬಂದಿತು. 2025ರ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಗೆ ನೀಲಗಿರಿಗೆ ವಾರದ ದಿನಗಳಲ್ಲಿ ದಿನಕ್ಕೆ 6,000 ಹಾಗೂ ವಾರಾಂತ್ಯದಲ್ಲಿ 8,000 ಪ್ರವಾಸಿ ವಾಹನಗಳ ಮಿತಿಯನ್ನು ನ್ಯಾಯಾಲಯವು ನಿಗದಿಪಡಿಸಿತ್ತು. ಗಿರಿಪ್ರದೇಶದ ರಸ್ತೆ, ನೀರು ಮತ್ತು ಅರಣ್ಯಗಳ ಮೇಲಿನ ಒತ್ತಡವನ್ನು ತಗ್ಗಿಸುವುದೇ ಇದರ ಉದ್ದೇಶವಾಗಿದೆ.

(ಅ) ಅರ್ಜಿಯನ್ನು ತಮಿಳುನಾಡು ಸರ್ಕಾರದ ಇ-ಪಾಸ್ ಜಾಲತಾಣದಲ್ಲಿ ಸಲ್ಲಿಸತಕ್ಕದ್ದು. ಕರ್ನಾಟಕದ ಯಾವುದೇ ಕಚೇರಿಯಲ್ಲಿ ಈ ಪಾಸ್ ನೀಡಲಾಗುವುದಿಲ್ಲ.
(ಆ) ಭಾರತೀಯರು ಮೊಬೈಲ್ ಸಂಖ್ಯೆಯ ಮೂಲಕ, ವಿದೇಶಿಯರು ಇ-ಮೇಲ್ ಮೂಲಕ ನೋಂದಾಯಿಸಿಕೊಳ್ಳಬಹುದು.
(ಇ) ವಾಹನದ ಸಂಖ್ಯೆ, ಪ್ರಯಾಣಿಕರ ಸಂಖ್ಯೆ, ಬರುವ ಹಾಗೂ ಹಿಂದಿರುಗುವ ದಿನಾಂಕ ಮತ್ತು ತಂಗುವ ಸ್ಥಳದ ವಿವರಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು.
(ಈ) ಪಾಸ್‌ಗೆ ಶುಲ್ಕವಿಲ್ಲ. ಮಧ್ಯವರ್ತಿಗಳಿಗೆ ಹಣ ನೀಡಬಾರದು.
(ಉ) ತಪಾಸಣಾ ಠಾಣೆಯಲ್ಲಿ ಪಾಸ್‌ನ ಮುದ್ರಿತ ಪ್ರತಿ ಅಥವಾ ಮೊಬೈಲ್‌ನಲ್ಲಿನ ಪ್ರತಿಯನ್ನು ತೋರಿಸತಕ್ಕದ್ದು.
(ಊ) ಸರ್ಕಾರಿ ಬಸ್ಸು ಹಾಗೂ ರೈಲಿನಲ್ಲಿ ತೆರಳುವವರಿಗೆ ಇ-ಪಾಸ್ ಅಗತ್ಯವಿಲ್ಲ.

ರಜಾದಿನಗಳಲ್ಲಿ ಮಿತಿಯು ಬೇಗನೆ ಭರ್ತಿಯಾಗುವ ಸಂಭವವಿರುವುದರಿಂದ, ವಸತಿಯನ್ನು ಕಾಯ್ದಿರಿಸಿ ಮುಂಗಡ ಪಾವತಿಸುವ ಮುನ್ನ ಪಾಸ್ ಲಭ್ಯವಿರುವುದನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ.

5. ಮಾರ್ಗ ಮತ್ತು ಸಮಯ

ಮೈಸೂರಿನಿಂದ ಗುಂಡ್ಲುಪೇಟೆ ಸುಮಾರು 60 ಕಿ.ಮೀ., ಅಲ್ಲಿಂದ ಬಂಡೀಪುರ ಸುಮಾರು 20 ಕಿ.ಮೀ. ಬಂಡೀಪುರ ದಾಟಿದ ನಂತರ ಮುದುಮಲೈ ಅರಣ್ಯದ ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ.

(ಅ) ಗೂಡಲೂರು ಮಾರ್ಗ: ದೂರ ಹೆಚ್ಚಾದರೂ ರಸ್ತೆ ಅಗಲವಾಗಿದ್ದು, ಹೊಸಬರಿಗೆ ಇದೇ ಸೂಕ್ತ.
(ಆ) ಮಸಿನಗುಡಿ–ಕಲ್ಲಟ್ಟಿ ಮಾರ್ಗ: ಸುಮಾರು 30 ಕಿ.ಮೀ. ಕಡಿಮೆಯಾದರೂ ಕಡಿದಾದ 36 ಹಿಮ್ಮುರಿ ತಿರುವುಗಳಿವೆ. ಅಪಘಾತಗಳ ಕಾರಣ ಹೊರಗಿನ ವಾಹನಗಳು ಊಟಿಯಿಂದ ಈ ಮಾರ್ಗವಾಗಿ ಇಳಿಯಲು ನಿರ್ಬಂಧ ವಿಧಿಸಲಾಗಿದೆ. ಸ್ಥಳೀಯ ಪೊಲೀಸರ ಸೂಚನೆಯನ್ನು ಪಾಲಿಸತಕ್ಕದ್ದು.

ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6 ಗಂಟೆಯವರೆಗೆ ಖಾಸಗಿ ವಾಹನಗಳ ಸಂಚಾರವನ್ನು ನಿಷೇಧಿಸಲಾಗಿದೆ. ರಾತ್ರಿ ವೇಳೆ ವಾಹನಗಳಿಗೆ ಸಿಕ್ಕಿ ವನ್ಯಪ್ರಾಣಿಗಳು ಸಾಯುತ್ತಿದ್ದುದೇ ಇದಕ್ಕೆ ಕಾರಣ. ಆಂಬುಲೆನ್ಸ್‌ಗಳಿಗೆ ವಿನಾಯಿತಿ ಇದೆ. ಊಟಿಯಿಂದ ಹಿಂದಿರುಗುವವರು ಸಂಜೆ 5 ಗಂಟೆಯೊಳಗೆ ಹೊರಟಲ್ಲಿ ಗಡುವಿಗೆ ಮುಂಚೆ ಅರಣ್ಯವನ್ನು ನಿಧಾನವಾಗಿ ದಾಟಬಹುದು. ತಡವಾದಲ್ಲಿ ಅವಸರದಿಂದ ವಾಹನ ಚಲಾಯಿಸದೆ ಗೂಡಲೂರಿನಲ್ಲಿಯೇ ತಂಗುವುದು ಒಳಿತು.

6. ಚಹಾ ಮತ್ತು ಬೇಸಾಯ

ಕೂನೂರು, ಕೋತಗಿರಿ ಮತ್ತು ಗೂಡಲೂರು ಭಾಗಗಳಲ್ಲಿ ಚಹಾ ತೋಟಗಳು ವ್ಯಾಪಿಸಿವೆ. ಇಲ್ಲಿ ವರ್ಷವಿಡೀ ಎಲೆ ಕೊಯ್ಲು ನಡೆಯುತ್ತದೆ. ಎರಡು ಎಲೆ ಒಂದು ಮೊಗ್ಗನ್ನು ಕೊಯ್ದು, ಬಾಡಿಸಿ, ಅರೆದು, ಗಾಳಿಗೆ ಬಿಟ್ಟು ಬಣ್ಣ ಬಂದ ಮೇಲೆ ಒಣಗಿಸಿ, ಜರಡಿ ಹಿಡಿದು ಪುಡಿಯನ್ನು ವಿಂಗಡಿಸಲಾಗುತ್ತದೆ. ಈ ಹಂತಗಳನ್ನು ಸಾರ್ವಜನಿಕರಿಗೆ ತೋರಿಸುವ ಕಾರ್ಖಾನೆಗಳು ಊಟಿ ಹಾಗೂ ಕೂನೂರಿನ ಬಳಿ ಇವೆ. ಶ್ರೀಲಂಕಾದಿಂದ ಮರಳಿದ ತಮಿಳರಿಗೆ ಉದ್ಯೋಗ ಒದಗಿಸಲು ತಮಿಳುನಾಡು ಸರ್ಕಾರವು 1968ರಲ್ಲಿ ಚಹಾ ತೋಟಗಳನ್ನು ಆರಂಭಿಸಿತು. ಸಾವಿರಾರು ಸಣ್ಣ ಬೆಳೆಗಾರರ ಜೀವನವೂ ಹಸಿರೆಲೆಯ ಬೆಲೆಯನ್ನೇ ಅವಲಂಬಿಸಿದೆ. ಇಳಿಜಾರಿನ ಹೊಲಗಳಲ್ಲಿ ಕ್ಯಾರೆಟ್, ಆಲೂಗಡ್ಡೆ, ಎಲೆಕೋಸು, ಬೀಟ್‌ರೂಟ್, ಬೆಳ್ಳುಳ್ಳಿ ಬೆಳೆಯಲಾಗುತ್ತದೆ. ತೋಟದೊಳಗೆ ಪ್ರವೇಶಿಸಿ ಗಿಡಗಳನ್ನು ತುಳಿಯುವುದು, ಎಲೆ ಕೀಳುವುದು ಮಾಡಬಾರದು.

7. ಅರಣ್ಯ ಪ್ರದೇಶದಲ್ಲಿ ಪಾಲಿಸಬೇಕಾದ ನಿಯಮಗಳು

ಕರ್ನಾಟಕ, ತಮಿಳುನಾಡು ಮತ್ತು ಕೇರಳಗಳಲ್ಲಿ ಹರಡಿರುವ ನೀಲಗಿರಿ ಜೀವಗೋಳ ಮೀಸಲು ಪ್ರದೇಶವನ್ನು 1986ರಲ್ಲಿ ಘೋಷಿಸಲಾಯಿತು. ಇದು ದೇಶದಲ್ಲಿಯೇ ಮೊದಲನೆಯದು. ಕಣಿವೆಗಳ ಶೋಲಾ ಕಾಡು ಹಾಗೂ ಅದರ ಸುತ್ತಲಿನ ಹುಲ್ಲುಗಾವಲು ಮಳೆನೀರನ್ನು ಹಿಡಿದಿಟ್ಟು ತೊರೆಗಳಿಗೆ ಹರಿಸುತ್ತವೆ.

(ಅ) ಅರಣ್ಯ ರಸ್ತೆಯಲ್ಲಿ ವಾಹನ ನಿಲ್ಲಿಸುವುದು, ಕೆಳಗಿಳಿಯುವುದು, ಪ್ರಾಣಿಗಳಿಗೆ ಆಹಾರ ನೀಡುವುದು ಶಿಕ್ಷಾರ್ಹ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಚಿತ್ರ ತೆಗೆಯಲು ಕಾಡಾನೆಯ ಸಮೀಪಕ್ಕೆ ಹೋದ ವ್ಯಕ್ತಿಯೊಬ್ಬರು ಅದರ ದಾಳಿಯಿಂದ ಗಾಯಗೊಂಡಿದ್ದಲ್ಲದೆ 25,000 ರೂ. ದಂಡವನ್ನೂ ತೆರಬೇಕಾಯಿತು.
(ಆ) ಪ್ಲಾಸ್ಟಿಕ್ ನೀರಿನ ಬಾಟಲಿ ಸೇರಿದಂತೆ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್‌ಗೆ ನೀಲಗಿರಿಯಲ್ಲಿ ನಿಷೇಧವಿದೆ. ಸ್ಟೀಲ್ ಬಾಟಲಿ ಮತ್ತು ಬಟ್ಟೆ ಚೀಲ ಒಯ್ಯುವುದು.
(ಇ) ಬೇಸಿಗೆಯಲ್ಲಿ ಬೀಡಿ, ಸಿಗರೇಟಿನ ಕಿಡಿಯಿಂದ ಕಾಳ್ಗಿಚ್ಚು ಹರಡುವುದರಿಂದ ಅರಣ್ಯದಲ್ಲಿ ಬೆಂಕಿ ಹಚ್ಚಬಾರದು.

8. ವಸತಿ ಮತ್ತು ರೈಲು

ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲ್ ಮಯೂರ ಸುದರ್ಶನ್ ಊಟಿಯಲ್ಲಿದೆ. ರಾಜ್ಯ ತೋಟಗಾರಿಕೆ ಇಲಾಖೆಯ ಉದ್ಯಾನವು ಫರ್ನ್‌ಹಿಲ್‌ನಲ್ಲಿದೆ. ಮೆಟ್ಟುಪಾಳ್ಯಂನಿಂದ ಊಟಿಗೆ 46 ಕಿ.ಮೀ. ಉದ್ದದ ಬೆಟ್ಟದ ರೈಲು ಮಾರ್ಗವಿದ್ದು, 1908ರಲ್ಲಿ ಊಟಿಯವರೆಗೆ ವಿಸ್ತರಿಸಲಾದ ಇದು 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಮೈಸೂರು ಕಡೆಯಿಂದ ಬರುವವರು ಊಟಿ–ಕೂನೂರು ನಡುವೆ ಪ್ರಯಾಣಿಸಬಹುದು.

9. ವಿಶೇಷ ಸೂಚನೆ

ಇ-ಪಾಸ್ ಹಾಗೂ ಸಂಚಾರ ನಿಯಮಗಳು ನ್ಯಾಯಾಲಯದ ಆದೇಶ ಮತ್ತು ಹವಾಮಾನಕ್ಕೆ ಅನುಗುಣವಾಗಿ ಬದಲಾಗಬಹುದಾದ್ದರಿಂದ, ಹೊರಡುವ ಮುನ್ನಾದಿನ ಮತ್ತೊಮ್ಮೆ ಪರಿಶೀಲಿಸಿಕೊಳ್ಳುವುದು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡುವುದು. ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.