ಊರಲ್ಲಿ ಕರೋಕೆ ಸ್ಪರ್ಧೆ ಇಡ್ತೀರಾ? ಪ್ರಚಾರದಿಂದ ತೀರ್ಪುಗಾರರ ತನಕ ಇಲ್ಲಿದೆ ಪೂರ್ತಿ ಮಾಹಿತಿ

ಜನವಾಡ: ಗಣೇಶೋತ್ಸವ ಇರಲಿ, ರಾಜ್ಯೋತ್ಸವ ಇರಲಿ, ಯುವಕ ಸಂಘದ ವಾರ್ಷಿಕೋತ್ಸವ ಇರಲಿ, ಹಾಡಿನ ಕಾರ್ಯಕ್ರಮಕ್ಕೆ ಆರ್ಕೆಸ್ಟ್ರಾ ತಂಡವನ್ನೇ ಕರೆಸಬೇಕು ಅಂತ ಈಗ ಇಲ್ಲ. ಒಂದು ಲ್ಯಾಪ್‌ಟಾಪ್, ಎರಡು ಮೈಕ್, ಎರಡು ಸೌಂಡ್ ಬಾಕ್ಸ್ ಇದ್ರೆ ಕರೋಕೆ ಸ್ಪರ್ಧೆ ಇಡಬಹುದು. ಖರ್ಚೂ ಕಡಿಮೆ.

ಆದರೆ ಇಂಥ ಸ್ಪರ್ಧೆ ಮುಗಿದ ಮೇಲೆ ಎರಡು ಮಾತು ಕೇಳಿಬರುತ್ತವೆ. ಒಂದು, "ನಮಗ ಗೊತ್ತೇ ಆಗ್ಲಿಲ್ರಿ." ಇನ್ನೊಂದು, "ಎಲ್ಲಾ ಮೊದಲೇ ಫಿಕ್ಸ್ ಇತ್ತು ಬಿಡ್ರಿ." ಮೊದಲನೆಯದು ಪ್ರಚಾರದ ಕೊರತೆ. ಎರಡನೆಯದು ತೀರ್ಪುಗಾರರ ಮೇಲಿನ ಅಪನಂಬಿಕೆ. ಪ್ರಚಾರ ಕಡಿಮೆಯಾದರೆ ಆ ವರ್ಷದ ಕಾರ್ಯಕ್ರಮ ಮಾತ್ರ ಸಪ್ಪೆಯಾಗುತ್ತದೆ. ತೀರ್ಪಿನ ಮೇಲೆ ನಂಬಿಕೆ ಹೋದರೆ ಮುಂದಿನ ವರ್ಷ ಚೆನ್ನಾಗಿ ಹಾಡೋರು ಹೆಸರೇ ಕೊಡೋದಿಲ್ಲ. ಜನವಾಡ, ಬೀದರ್, ಭಾಲ್ಕಿ, ಔರಾದ್ ಭಾಗದ ಸಂಘಟಕರಿಗೆ, ಬಹುಮಾನ ಕೊಡುವ ಅಂಗಡಿಯವರಿಗೆ ಉಪಯೋಗವಾಗಲಿ ಅಂತ ಈ ಮಾಹಿತಿ.

ಕರೋಕೆ ಅಂದ್ರೆ ಏನು?

ಇದು ಜಪಾನಿ ಪದ. 'ಕರ' ಅಂದರೆ ಖಾಲಿ, 'ಓಕೆ' ಅನ್ನೋದು ಆರ್ಕೆಸ್ಟ್ರಾದ ಮೊಟಕು ರೂಪ. ವಾದ್ಯಗೋಷ್ಠಿ ಧ್ವನಿಮುದ್ರಿಕೆಯಲ್ಲಿ ಇರುತ್ತದೆ, ಹಾಡುವವರ ಜಾಗ ಖಾಲಿ ಇರುತ್ತದೆ. ಜಪಾನಿನ ಕೋಬೆ ನಗರದ ವಾದ್ಯಗಾರ ಡೈಸುಕೆ ಇನೋವೆ 1971ರಲ್ಲಿ ನಾಣ್ಯ ಹಾಕಿದರೆ ಸಂಗೀತ ನುಡಿಸುವ ಯಂತ್ರ ತಯಾರಿಸಿದರು. ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ, ಹಾಗಾಗಿ ಅದರಿಂದ ಅವರಿಗೆ ದೊಡ್ಡ ಹಣವೇನೂ ಬರಲಿಲ್ಲ. ಅವರಿಗಿಂತ ಮೊದಲೇ, 1967ರಲ್ಲಿ, ಶಿಗೇಯಿಚಿ ನೆಗಿಶಿ ಎಂಬುವವರು ಇಂಥದ್ದೇ ಯಂತ್ರ ಮಾಡಿದ್ದರು. ಈಗ ಯಂತ್ರದ ಅಗತ್ಯವೇ ಇಲ್ಲ, ಮೊಬೈಲ್‌ನಲ್ಲೇ ಟ್ರ್ಯಾಕ್ ಸಿಗುತ್ತದೆ.

ಮೊದಲು ದಿನಾಂಕ ನೋಡಿ

ಪೋಸ್ಟರ್ ಮಾಡಿಸುವ ಮೊದಲು ಮೂರು ವಿಷಯ ನೋಡಿಕೊಳ್ಳಿ.

ಒಂದು, ಹೊಲದ ಕೆಲಸ. ಜೂನ್ ಬಿತ್ತನೆ, ಸೋಯಾಬೀನ್ ರಾಶಿ, ಆಮೇಲೆ ತೊಗರಿ ರಾಶಿ – ಈ ದಿನಗಳಲ್ಲಿ ಇಟ್ಟರೆ ಹಾಡೋರೂ ಇರಲ್ಲ, ಕೇಳೋರೂ ಇರಲ್ಲ.

ಎರಡು, ಪರೀಕ್ಷೆ. ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುವಾಗ ಊರ ನಡುವೆ ಸೌಂಡ್ ಬಾಕ್ಸ್ ಹಚ್ಚಿದರೆ ಒಳ್ಳೆ ಕಾರ್ಯಕ್ರಮಕ್ಕೂ ಬೈಗುಳವೇ ಬರುತ್ತದೆ.

ಮೂರು, ಅಕ್ಕಪಕ್ಕದ ಜಾತ್ರೆ, ಉರುಸು. ಅಷ್ಟೂರಿನ ಜಾತ್ರೆಗೋ ಔರಾದಿನ ಅಮರೇಶ್ವರ ಜಾತ್ರೆಗೋ ಜನ ಹೋಗುವ ದಿನವೇ ಸ್ಪರ್ಧೆ ಇಟ್ಟರೆ ಕುರ್ಚಿ ಖಾಲಿ.

ಪ್ರಚಾರ: ಏನು ಬರೀಬೇಕು, ಎಲ್ಲಿ ಹಚ್ಚಬೇಕು

ಪೋಸ್ಟರ್‌ನಲ್ಲಿ ಹತ್ತು ಮುಖಂಡರ ಫೋಟೊ ಇದ್ದು, ಹೆಸರು ಎಲ್ಲಿ ನೋಂದಾಯಿಸಬೇಕು ಅನ್ನೋದೇ ಇರಲಿಲ್ಲ ಅಂದ್ರೆ ಹಣ ದಂಡ. ಕೆಳಗಿನ ವಿಷಯ ಇರಲೇಬೇಕು:

- ದಿನ, ಸಮಯ, ಸ್ಥಳ (ಬಸ್ ನಿಲ್ದಾಣದಿಂದ ಎಷ್ಟು ದೂರ ಅನ್ನೋದೂ ಇರಲಿ)
- ವಯಸ್ಸಿನ ವಿಭಾಗ. ಉದಾಹರಣೆಗೆ 15ರ ಒಳಗಿನವರು, 16ರಿಂದ 40, 40 ಮೇಲ್ಪಟ್ಟವರು
- ಯಾವ ಭಾಷೆಯ ಹಾಡು, ಎಷ್ಟು ನಿಮಿಷ
- ಟ್ರ್ಯಾಕ್ ಯಾರು ತರಬೇಕು, ಯಾವತ್ತಿನೊಳಗೆ ಕೊಡಬೇಕು
- ಪ್ರವೇಶ ಶುಲ್ಕ ಇದೆಯೋ ಇಲ್ಲವೋ
- ಬಹುಮಾನ ಎಷ್ಟು
- ತೀರ್ಪುಗಾರರು ಯಾರು, ಅಂಕ ಹೇಗೆ ಕೊಡ್ತಾರೆ
- ಹೆಸರು ಕೊಡುವ ಕೊನೆ ದಿನ, ಎರಡು ಫೋನ್ ನಂಬರ್

ಹಚ್ಚುವ ಜಾಗ: ಕಿರಾಣಿ ಅಂಗಡಿ, ಚಹಾ ಹೋಟೆಲ್, ಕಟಿಂಗ್ ಶಾಪ್, ಮೊಬೈಲ್ ರಿಪೇರಿ ಅಂಗಡಿ, ಟೇಲರ್ ಅಂಗಡಿ, ಗ್ರಾಮ ಪಂಚಾಯಿತಿ ನೋಟಿಸ್ ಬೋರ್ಡ್, ಶಾಲೆ–ಕಾಲೇಜು. ಅಂಗಡಿಯವರನ್ನು ಕೇಳಿಯೇ ಹಚ್ಚಿ. ಬೀದರ್–ಔರಾದ್ ರಸ್ತೆಯಲ್ಲಿ ಬಸ್ಸಿಗೆ ಕಾಯುವವರು ಸುಮ್ಮನೆ ಕೂತು ಓದುವ ಜಾಗ ಬಸ್ ನಿಲ್ದಾಣ, ಅದನ್ನು ಮರೀಬೇಡಿ. ಬ್ಯಾನರ್ ಬಟ್ಟೆಯದ್ದೇ ಮಾಡಿಸಿ. ಪ್ಲಾಸ್ಟಿಕ್ ಫ್ಲೆಕ್ಸ್, ಬಂಟಿಂಗ್ ರಾಜ್ಯದಲ್ಲಿ 2016ರಿಂದಲೇ ನಿಷೇಧ ಆಗಿವೆ.

ವಾಟ್ಸ್ಆ್ಯಪ್‌ಗೆ ಪೋಸ್ಟರ್ ಫೋಟೊ ಒಂದೇ ಸಾಲದು. ಊರಿನಲ್ಲೇ ಹಾಡುವ ಒಬ್ಬ ತಾಯಿ ಅಥವಾ ಹುಡುಗನ 30 ಸೆಕೆಂಡಿನ ವಿಡಿಯೊ, "ನಾನು ಹೆಸರು ಕೊಟ್ಟೀನಿ, ನೀವೂ ಬರ್ರಿ" ಅಂತ ಹೇಳಿಸಿ ಹಾಕಿದರೆ ಅದು ಸ್ಟೇಟಸ್‌ನಿಂದ ಸ್ಟೇಟಸ್‌ಗೆ ತಾನೇ ಓಡುತ್ತದೆ. ಆಟೊದಲ್ಲಿ ಮೈಕ್ ಕಟ್ಟಿ ಸಾರಬೇಕು ಅಂದ್ರೆ ಅದಕ್ಕೂ ಅನುಮತಿ ಬೇಕು.

ಹೆಣ್ಣುಮಕ್ಕಳು ಹೆಸರು ಕೊಡೋದಿಲ್ಲ ಅಂತ ಸಂಘಟಕರು ಹೇಳ್ತಾರೆ. ರಾತ್ರಿ ಎಷ್ಟಕ್ಕೆ ಮುಗಿಯುತ್ತೆ, ವಾಪಸ್ ಹೋಗಲು ಬಸ್ ಇದೆಯಾ ಅನ್ನೋದು ಮನೆಯವರ ಮೊದಲ ಪ್ರಶ್ನೆ. ಹೆಣ್ಣುಮಕ್ಕಳ ಮತ್ತು ಮಕ್ಕಳ ಸರದಿ ಸಂಜೆ 4ರಿಂದ ಶುರು ಮಾಡಿ, ಕತ್ತಲಾಗುವ ಮೊದಲು ಮುಗಿಸ್ತೀವಿ ಅಂತ ಪೋಸ್ಟರ್‌ನಲ್ಲೇ ಬರೆಯಿರಿ. ಸ್ವಸಹಾಯ ಸಂಘಗಳ ಸಭೆಗೆ ಹೋಗಿ ಖುದ್ದಾಗಿ ಹೇಳಿ.

ಅಂಗಡಿಯವರಿಗೆ ಏನು ಲಾಭ?

ಚಂದಾ ಕೇಳೋ ಬದಲು ವಸ್ತು ಕೇಳಿ ನೋಡಿ. ಬಟ್ಟೆ ಅಂಗಡಿಯಿಂದ ಒಂದು ಸೀರೆ, ಪಾತ್ರೆ ಅಂಗಡಿಯಿಂದ ಕುಕ್ಕರ್, ಸ್ಟೇಷನರಿಯಿಂದ ಮಕ್ಕಳಿಗೆ ಬ್ಯಾಗ್. ಅಂಗಡಿ ಹೆಸರನ್ನು ಮೂರು ಹಾಡಿಗೊಮ್ಮೆ ವೇದಿಕೆಯಿಂದ ಹೇಳಿ. ಹಣ ಕೊಟ್ಟವರಿಗೆ ರಸೀದಿ ಕೊಡಿ. ಕ್ಯೂಆರ್ ಕೋಡ್ ಇಟ್ಟರೆ ಯಾರ ಖಾತೆಗೆ ಹೋಗುತ್ತದೆ ಅನ್ನೋದು ಸಮಿತಿಯ ಎಲ್ಲರಿಗೂ ಗೊತ್ತಿರಲಿ.

ಒಂದು ಮಾತು ಮಾತ್ರ ಮೊದಲೇ ಖಡಾಖಂಡಿತ ಹೇಳಿಬಿಡಿ: ಬಹುಮಾನ ಕೊಟ್ಟವರು ತೀರ್ಪುಗಾರರಲ್ಲ. ಅವರ ಮನೆಯ ಮಕ್ಕಳು ಹಾಡಬಹುದು, ಆದರೆ ಅಂಕದ ಟೇಬಲ್ ಹತ್ತಿರ ಅವರು ಬರಬಾರದು.

ತೀರ್ಪುಗಾರರು ಎಲ್ಲಿ ಸಿಗ್ತಾರೆ?

ಟಿವಿಯಲ್ಲಿ ಸರಿಗಮಪ ನೋಡಿದವರಿಗೆ ತೀರ್ಪುಗಾರರು ಅಂದ್ರೆ ಹಂಸಲೇಖ, ವಿಜಯ್ ಪ್ರಕಾಶ್, ಅರ್ಜುನ್ ಜನ್ಯ ನೆನಪಾಗ್ತಾರೆ. ನಮ್ಮೂರಿಗೆ ಅಂಥವರು ಬರೋದಿಲ್ಲ, ಬರಬೇಕಾಗಿಯೂ ಇಲ್ಲ. ಹೆಸರು ದೊಡ್ಡದಿರಬೇಕು ಅಂತಿಲ್ಲ, ಕಿವಿ ಸರಿ ಇರಬೇಕು. ಶ್ರುತಿ ತಪ್ಪಿದ್ದು ಗೊತ್ತಾಗಬೇಕು, ತಾಳ ತಪ್ಪಿದ್ದು ಗೊತ್ತಾಗಬೇಕು. ಅಂಥವರು ನಮ್ಮ ತಾಲ್ಲೂಕುಗಳಲ್ಲೇ ಇದ್ದಾರೆ:

- ಭಜನಾ ಮಂಡಳಿಯ ಪೇಟಿ ಮಾಸ್ತರರು. ವರ್ಷಗಟ್ಟಲೆ ಬೇರೆಯವರ ದನಿಗೆ ಹಾರ್ಮೋನಿಯಂ ನುಡಿಸಿದವರ ಕಿವಿ ಶ್ರುತಿಯಲ್ಲಿ ಪಕ್ಕಾ ಇರುತ್ತದೆ.
- ತಬಲಾ ನುಡಿಸುವವರು. ಮೂವರಲ್ಲಿ ಒಬ್ಬರಾದರೂ ತಾಳದವರು ಇರಲಿ. ಕರೋಕೆಯಲ್ಲಿ ಹೆಚ್ಚಿನವರು ಎಡವುವುದೇ ಇಲ್ಲಿ. ಟ್ರ್ಯಾಕ್ ಯಾರಿಗೂ ಕಾಯೋದಿಲ್ಲ.
- ಸಂಗೀತ ಪರೀಕ್ಷೆ ಪಾಸಾದವರು. ಗಾಂಧರ್ವ ಮಹಾವಿದ್ಯಾಲಯ ಮಂಡಲದ ವಿಶಾರದ ಪರೀಕ್ಷೆ ಅಥವಾ ರಾಜ್ಯದ ಸೀನಿಯರ್, ವಿದ್ವತ್ ಪರೀಕ್ಷೆ ಮುಗಿಸಿದವರು.
- ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಗವಾಯಿಗಳು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಲಿಸಿದ ಶಿಷ್ಯ ಪರಂಪರೆ ಉತ್ತರ ಕರ್ನಾಟಕದ ತುಂಬ ಇದೆ. ಮಠಗಳಲ್ಲಿ ವಿಚಾರಿಸಿ.
- ಆಕಾಶವಾಣಿ ಶ್ರೇಣಿ ಪಡೆದ ಕಲಾವಿದರು. ಆಡಿಷನ್ ಪಾಸಾದವರಿಗಷ್ಟೇ ಈ ಶ್ರೇಣಿ ಸಿಗುತ್ತದೆ. ಸುಗಮ ಸಂಗೀತ, ಜಾನಪದ, ವಚನ ಗಾಯನದವರನ್ನು ಕೇಳಿ.
- ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದವರು. ಚಿತ್ರಗೀತೆಯ ಒಳಹೊರಗು ಇವರಿಗೆ ಗೊತ್ತು.

ಹೆಸರುಗಳು ಸಿಗದಿದ್ದರೆ ಬೀದರಿನ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಚೇರಿಯಲ್ಲಿ ವಿಚಾರಿಸಬಹುದು. ಜನವಾಡದ ಸ್ಪರ್ಧೆಗೆ ಭಾಲ್ಕಿ, ಔರಾದಿನವರನ್ನು, ಭಾಲ್ಕಿಯ ಸ್ಪರ್ಧೆಗೆ ಬೀದರಿನವರನ್ನು ಕರೆದರೆ ನೆಂಟಸ್ತಿಕೆಯ ಮಾತು ಬರೋದಿಲ್ಲ. ಮೂವರಲ್ಲಿ ಒಬ್ಬರಾದರೂ ಮಹಿಳೆ ಇರಲಿ.

ಕರೆಯುವಾಗ ಫೋನ್‌ನಲ್ಲಿ ಮುಗಿಸಬೇಡಿ. ಮನೆಗೆ ಹೋಗಿ, "ಸರ್, ನಮ್ಮ ಹುಡುಗರ ಹಾಡು ನೀವು ಕೇಳಿ ಹೇಳಬೇಕ್ರಿ" ಅಂತ ಕೇಳಿ, ಪತ್ರ ಕೊಡಿ. ಹೋಗಿಬರುವ ಖರ್ಚು, ಊಟ, ಗೌರವಧನ ಎಷ್ಟು ಅಂತ ಮೊದಲೇ ಹೇಳಿ. ಶಾಲು ಹೊದಿಸಿ ಹಾರ ಹಾಕಿ ಬರಿಗೈಲಿ ಕಳಿಸಿದರೆ ಕಲಾವಿದರು ಎದುರಿಗೆ ಏನೂ ಅನ್ನೋದಿಲ್ಲ, ಆದರೆ ಮುಂದಿನ ಸಲ ಬರೋದಿಲ್ಲ.

ರಾಜಕೀಯ ಮುಖಂಡರು, ಅಧಿಕಾರಿಗಳು ಬಂದರೆ ಉದ್ಘಾಟನೆ ಮಾಡಲಿ, ಬಹುಮಾನ ಕೊಡಲಿ. ಅಂಕ ಹಾಕೋದು ಬೇಡ. ಸ್ಪರ್ಧಿಗಳಲ್ಲಿ ತೀರ್ಪುಗಾರರ ಸಂಬಂಧಿಕರೋ ಶಿಷ್ಯರೋ ಇದ್ದರೆ ಮೊದಲೇ ಹೇಳಿಸಿ. ಆ ಸ್ಪರ್ಧಿಗೆ ಉಳಿದ ಇಬ್ಬರ ಅಂಕದ ಸರಾಸರಿಯನ್ನೇ ಮೂರನೆಯ ಅಂಕ ಅಂತ ಹಿಡಿಯಿರಿ.

ಅಂಕ ಹೇಗೆ ಹಂಚಬೇಕು?

ನೂರು ಅಂಕಕ್ಕೆ ಒಂದು ಮಾದರಿ: ಶ್ರುತಿ 30, ತಾಳ 25, ಉಚ್ಚಾರ 20, ಭಾವ 15, ವೇದಿಕೆಯ ಮೇಲಿನ ಧೈರ್ಯ 10. ಬಟ್ಟೆ, ಡ್ಯಾನ್ಸ್, ಚಪ್ಪಾಳೆಗೆ ಅಂಕ ಬೇಡ. ವಿಡಿಯೊಗೆ ಬಂದ ಲೈಕ್‌ಗೂ ಬೇಡ. ಸ್ಪರ್ಧಿಗಳನ್ನು ಹೆಸರು, ಊರು ಹೇಳದೆ ನಂಬರಿನಿಂದಲೇ ಕರೆಯಿರಿ.

ಬರೀ ಒಟ್ಟು ಅಂಕ ಕೂಡಿಸಿದರೆ ಒಂದು ತೊಂದರೆ ಇದೆ. ಉದಾಹರಣೆ ನೋಡಿ. ಮೊದಲ ತೀರ್ಪುಗಾರರು ಕೈಬಿಚ್ಚಿ ಅಂಕ ಹಾಕೋರು, ಉಳಿದಿಬ್ಬರು ಬಿಗಿ.

- 7ನೇ ನಂಬರ್: 90, 71, 70. ಒಟ್ಟು 231
- 12ನೇ ನಂಬರ್: 78, 74, 74. ಒಟ್ಟು 226

ಮೂವರಲ್ಲಿ ಇಬ್ಬರಿಗೆ 12ನೇ ನಂಬರ್ ಚೆನ್ನಾಗಿ ಹಾಡಿದಂತೆ ಕಂಡಿದೆ. ಆದರೂ ಗೆದ್ದದ್ದು 7. ಜಗಳ ಹುಟ್ಟೋದು ಇಲ್ಲೇ. ಅಂಕದ ಬದಲು ಸ್ಥಾನ ಕೂಡಿಸಿ: 7ನೇ ನಂಬರಿಗೆ 1, 2, 2 ಸೇರಿ 5. 12ನೇ ನಂಬರಿಗೆ 2, 1, 1 ಸೇರಿ 4. ಕಡಿಮೆ ಬಂದವರೇ ಗೆದ್ದವರು, ಅಂದರೆ 12. ಸ್ಥಾನ ಸಮ ಬಂದರೆ ಮಾತ್ರ ಶ್ರುತಿಯ ಅಂಕ ನೋಡಿ. ಐವರು ತೀರ್ಪುಗಾರರಿದ್ದರೆ ಅತಿ ಹೆಚ್ಚು, ಅತಿ ಕಡಿಮೆ ಅಂಕ ಬಿಟ್ಟು ಉಳಿದ ಮೂರನ್ನು ಕೂಡಿಸಬಹುದು. ಯಾವ ಕ್ರಮ ಅನ್ನೋದನ್ನು ಮೊದಲ ಹಾಡಿಗೂ ಮುಂಚೆ ವೇದಿಕೆಯಿಂದಲೇ ಹೇಳಿ.

ಭಾಷೆಯ ಮಾತು

ನಮ್ಮ ಕಡೆ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು, ಲಂಬಾಣಿ, ತೆಲುಗು ಕೇಳುತ್ತವೆ. ಮೊದಲ ಸುತ್ತು ಯಾವ ಭಾಷೆಯದಾದರೂ ಇರಲಿ, ಅಂತಿಮ ಸುತ್ತು ಕನ್ನಡದ್ದು ಅಂತ ಇಟ್ಟರೆ ಎಲ್ಲರಿಗೂ ಬಾಗಿಲು ತೆರೆದಂತಾಗುತ್ತದೆ, ಕನ್ನಡಕ್ಕೂ ಮರ್ಯಾದೆ. ಆದರೆ ಉರ್ದು ಗಜಲ್‌ನ ಉಚ್ಚಾರಕ್ಕೆ ಉರ್ದು ಗೊತ್ತಿಲ್ಲದವರು ಅಂಕ ಕಡಿದರೆ ಅದು ಅನ್ಯಾಯ. ಮೂವರು ತೀರ್ಪುಗಾರರಲ್ಲಿ ಇಬ್ಬರಿಗಾದರೂ ಹಿಂದಿ–ಉರ್ದು, ಮರಾಠಿ ತಿಳಿದಿರಲಿ. ಕನ್ನಡದ ಉಚ್ಚಾರದಲ್ಲಿ ನಮ್ಮ ಭಾಗದ ಮಾತಿನ ಧಾಟಿಗೆ ಅಂಕ ಕಳೆಯಬಾರದು. ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ತಮ್ಮೂರ ಮಾತು, ಉಡುಗೆ ಬಿಡದೆ ಹಾಡಿಯೇ ಸರಿಗಮಪದಲ್ಲಿ ರನ್ನರ್ ಅಪ್ ಆದರು.

ಸಮಯ, ಸೌಂಡು, ಕರೆಂಟು

40 ಜನ ಹೆಸರು ಕೊಟ್ಟರು ಅನ್ನಿ. ಹಾಡಿಗೆ 4 ನಿಮಿಷ, ಮೈಕ್ ಬದಲಿಗೆ 1 ನಿಮಿಷ. ಒಟ್ಟು 200 ನಿಮಿಷ, ಅಂದರೆ 3 ಗಂಟೆ 20 ನಿಮಿಷ. ಭಾಷಣ ಬೇರೆ. ಹಾಗಾಗಿ ಮೊದಲ ಸುತ್ತನ್ನು ಬೆಳಿಗ್ಗೆ ಸಭಾಭವನದಲ್ಲಿ ಪಲ್ಲವಿ ಮತ್ತು ಒಂದು ಚರಣಕ್ಕೆ ಮುಗಿಸಿ, ಸಂಜೆಗೆ 12 ಜನರನ್ನು ಇಟ್ಟುಕೊಳ್ಳಿ.

ಟ್ರ್ಯಾಕ್‌ಗಳನ್ನು ಎರಡು ದಿನ ಮೊದಲೇ ಪೆನ್‌ಡ್ರೈವ್‌ಗೆ ಹಾಕಿ, ನಂಬರ್ ಪ್ರಕಾರ ಹೆಸರಿಡಿ. ನೆಟ್ ನಂಬಿ ಕೂತರೆ ನಡುವೆ ಜಾಹೀರಾತು ಬರುತ್ತದೆ. ಬ್ಲೂಟೂತ್ ಬೇಡ, ವೈರ್ ಹಾಕಿ. ಬ್ಲೂಟೂತ್‌ನಲ್ಲಿ ಸೌಂಡ್ ತಡವಾಗಿ ಬಂದು ಪರದೆಯ ಸಾಹಿತ್ಯಕ್ಕೂ ಸಂಗೀತಕ್ಕೂ ಹೊಂದೋದಿಲ್ಲ. ಹಾಡೋರ ಎದುರಿಗೆ ಒಂದು ಚಿಕ್ಕ ಬಾಕ್ಸ್ ಇಡಿ, ಇಲ್ಲದಿದ್ದರೆ ಶ್ರುತಿ ಹಿಡಿಯೋದು ಕಷ್ಟ. ಗಂಡಸರು ಹಾಡಿದ ಮೂಲ ಹಾಡನ್ನು ಹೆಣ್ಣುಮಕ್ಕಳು ಹಾಡುವುದಾದರೆ ಟ್ರ್ಯಾಕ್‌ನ ಸ್ಕೇಲ್ ಬದಲಿಸಲು ಅವಕಾಶ ಕೊಡಿ.

ಕರೆಂಟನ್ನು ಕಂಬಕ್ಕೆ ಕೊಂಡಿ ಹಾಕಿ ತಗೋಬೇಡಿ, ಜೀವಕ್ಕೇ ಅಪಾಯ. ಜೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತಗೊಳ್ಳಿ, ಜನರೇಟರ್ ಹೇಳಿಡಿ. ಹಾಡಿನ ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಹಾಡಲು ಬಿಡಬೇಕು.

ಕಾಯ್ದೆ ಏನು ಹೇಳುತ್ತೆ?

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ವಾಣಿಜ್ಯ ಪ್ರದೇಶದಲ್ಲಿ 65. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಿರಬಹುದು, ಜಾಗ ನೋಡಿಕೊಂಡು ಆರಿಸಿ. ಅರ್ಜಿ ಎಲ್ಲಿ ಕೊಡಬೇಕು ಅನ್ನೋದನ್ನು ಪೊಲೀಸ್ ಠಾಣೆಯಲ್ಲಿ ಹತ್ತು ದಿನ ಮೊದಲೇ ಕೇಳಿ.

ಹಾಡಿಗೂ ಹಕ್ಕುದಾರರಿದ್ದಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲಿ ಹವ್ಯಾಸಿ ಸಂಘಗಳು ಟಿಕೆಟ್ ಇಲ್ಲದೆ ನಡೆಸುವ ಕಾರ್ಯಕ್ರಮಕ್ಕೆ ರಿಯಾಯಿತಿ ಇದೆ. ಆದರೆ ಅದು ಸಾಹಿತ್ಯ, ಸಂಗೀತಕ್ಕೆ. ಕರೋಕೆ ಟ್ರ್ಯಾಕ್ ಅನ್ನೋದು ಧ್ವನಿಮುದ್ರಿಕೆ, ಅದರ ಹಕ್ಕು ಬೇರೆ. ಟಿಕೆಟ್ ಇಟ್ಟರೆ, ಕಂಪನಿ ಪ್ರಾಯೋಜಕತ್ವದಲ್ಲಿ ದೊಡ್ಡದಾಗಿ ಮಾಡಿದರೆ ಪರವಾನಗಿ ವಿಚಾರಿಸಿ. ಸಂಗೀತ, ಸಾಹಿತ್ಯದ ಹಕ್ಕನ್ನು ಐಪಿಆರ್‌ಎಸ್ ಸಂಸ್ಥೆ ನೋಡಿಕೊಳ್ಳುತ್ತದೆ. ಫೇಸ್‌ಬುಕ್, ಯೂಟ್ಯೂಬ್ ಲೈವ್ ಮಾಡಿದರೆ ಹಾಡು ಮ್ಯೂಟ್ ಆಗುವ ಸಾಧ್ಯತೆ ಇದೆ, ಬಹುಮಾನ ವಿತರಣೆ ಮಾತ್ರ ಲೈವ್ ಮಾಡೋದು ಒಳ್ಳೇದು.

ಮರುದಿನದ ಕೆಲಸ

ಫಲಿತಾಂಶ ಹೇಳುವ ಮುಂಚೆ ತೀರ್ಪುಗಾರರಲ್ಲಿ ಹಿರಿಯರೊಬ್ಬರು ಎರಡು ಮಾತಾಡಲಿ. ಯಾರನ್ನೂ ಹೆಸರಿಸದೆ, ಎಲ್ಲಿ ಶ್ರುತಿ ಜಾರಿತು, ಹೇಗೆ ಸುಧಾರಿಸಬಹುದು ಅಂತ. ಸೋತವರು ಮನೆಗೆ ಒಯ್ಯೋದು ಅದನ್ನೇ.

ಮರುದಿನ ಎರಡು ಹಾಳೆ ಪಂಚಾಯಿತಿ ಬೋರ್ಡಿಗೆ ಹಚ್ಚಿ, ವಾಟ್ಸ್ಆ್ಯಪ್‌ಗೂ ಹಾಕಿ. ಒಂದರಲ್ಲಿ ನಂಬರ್ ಪ್ರಕಾರ ಎಲ್ಲರ ಅಂಕ, ತೀರ್ಪುಗಾರರ ಸಹಿ. ಇನ್ನೊಂದರಲ್ಲಿ ಬಂದ ಹಣ, ಆದ ಖರ್ಚು, ಉಳಿದದ್ದು. "ಫಿಕ್ಸ್ ಇತ್ತು" ಅನ್ನೋರಿಗೆ ತೋರಿಸೋಕೆ ಆ ಹಾಳೆ ಇರುತ್ತದೆ. ಮುಂದಿನ ವರ್ಷ ಚಂದಾ ಕೇಳೋಕೆ ಹೋದಾಗಲೂ ಅದೇ ಹಾಳೆ ಕೆಲಸಕ್ಕೆ ಬರುತ್ತದೆ.